ರಾಕೆಟ್ಟಿನ ಮದ್ದಿನ ಮನೆಗೆ ತಗಡೂರಿನ ಕಸೆ ಅಂಗಿ

ತಗಡೂರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತ ಗುರುಬಸಮ್ಮ ಎಣ್ಣೆ ದೀಪದ ಕುಡಿಗೆ ದಾರದ ತುದಿಯೊಂದನ್ನು ಒಡ್ಡುತ್ತಾರೆ. ದಾರ ಹೊತ್ತಿಕೊಳ್ಳುತ್ತದೆ. ಊದಿ ಆರಿಸಿ, ಮೂಗಿನ ಹತ್ತಿರ ಹಿಡಿದು ಮೂಸಿ, ಬೆರಳ ಸಂದಿಯಲ್ಲಿ ಉಜ್ಜುತ್ತಾರೆ. ಬೂದಿ. "ಅತ್ತಿ ದಾರಾನೇ," ಎಂದು ರೀಲನ್ನು ಮೊರಕ್ಕೆ ಹಾಕಿ ಮುಂದಿನದಕ್ಕೆ ಕೈ ಚಾಚುತ್ತಾರೆ. ನಿನ್ನೆ ನಂಜನಗೂಡಿನ ಪೇಟೆಯಿಂದ ತಂದ ಒಂದು ಡಬ್ಬಿ ತುಂಬ ರೀಲು ಅವರ ಮುಂದಿದೆ. ಒಂದನ್ನೂ ಸುಟ್ಟು ನೋಡದೆ ಬಿಡುವುದಿಲ್ಲ. ಅಂಗಡಿಯವನು ದೇವರಾಣೆ ಇಟ್ಟು ಕೊಟ್ಟಿದ್ದರೂ ಅಷ್ಟೇ.

ಹಾಲಿನ ವ್ಯಾನಿನ ಹಿಂದೆ ಕ್ಯಾನುಗಳ ನಡುವೆ ಕೂತು ಬಂದ ನನಗೆ ಒಂದು ಲೋಟ ಕಾಫಿಯಾದರೂ ಸಿಕ್ಕೀತೆಂಬ ಆಸೆ. ಸಿಕ್ಕಿದ್ದು ಗದರಿಕೆ. "ಅಲ್ಲೇ ನಿಂತ್ಕಳಿ ಸಾ! ಆ ಸರಟು ಆಕ್ಕಂಡು ಒಳೀಕ್ ಬರ್ಬ್ಯಾಡಿ." ಪತ್ರಿಕೆಯವನು ಬರುತ್ತಾನೆಂದು ಮರ್ಯಾದೆಯಾಗಿ ತೊಟ್ಟು ಬಂದಿದ್ದ ಟೆರಿಲಿನ್ ಶರಟು ನನ್ನದು, ಇಸ್ತ್ರಿಯೂ ಬೇಡ, ಸುಕ್ಕೂ ಇಲ್ಲ ಎಂದು ನಾನು ಮೆರೆಯುವ ಶರಟು. ಗುರುಬಸಮ್ಮನ ಮನೆಯಲ್ಲಿ ಅದಕ್ಕೆ ನಾಯಿಗಿರುವಷ್ಟೂ ಬೆಲೆಯಿಲ್ಲ. ಜಗಲಿಯ ಆ ತುದಿಗೆ ಗೋಣಿತಟ್ಟು ಬಿತ್ತು. ನಾನು ಅಲ್ಲಿ ಕೂತೆ. ಕಾಫಿ ಆಮೇಲೆ ಬಂತು, ಬೆಲ್ಲದ್ದು, ಚೆನ್ನಾಗಿತ್ತು.

ಇಷ್ಟೆಲ್ಲ ಮಡಿ ಯಾವ ಬಟ್ಟೆಗೆ ಅಂದರೆ, ರಾಕೆಟ್ಟಿಗೆ ಮದ್ದು ಕಲಸುವವರ ಬಟ್ಟೆಗೆ. ಪೂರ್ವದ ಸಮುದ್ರದ ದಂಡೆಯಲ್ಲಿ, ರಾಕೆಟ್ಟು ಹಾರಿಸುವ ಕಡೆ, ಮದ್ದಿನ ಮನೆಗಳಿವೆ. ದೊಡ್ಡ ರಾಕೆಟ್ಟಿನ ಪಕ್ಕಕ್ಕೆ ಕಟ್ಟಿ ಅದನ್ನು ನೆಲದಿಂದ ಎತ್ತಿಕೊಡುವ ಕೊಳವೆಗಳಿಗೆ ಬೂಸ್ಟರ್ ಎಂದು ಹೆಸರು. ಅದರೊಳಗಿನ ಮದ್ದನ್ನು ಹಿಟ್ಟಿನ ಹಾಗೆ ಕಲಸಿ, ಕೊಳವೆಗೆ ಹುಯ್ದು, ರಬ್ಬರಿನಷ್ಟು ಗಟ್ಟಿಯಾಗಲು ಬಿಡುತ್ತಾರೆ. ಒಮ್ಮೆ ಹೊತ್ತಿಕೊಂಡರೆ ಅದನ್ನು ಆರಿಸುವ ಉಪಾಯ ಯಾರಿಗೂ ಗೊತ್ತಿಲ್ಲ. ಉರಿದು ಮುಗಿಯಬೇಕು, ಅಷ್ಟೇ. ಹಾಗಾಗಿ ಜೋಪಾನವೆಲ್ಲ ಹೊತ್ತಿಸುವ ಮೊದಲೇ ನಡೆಯಬೇಕು. ಚಳಿಗಾಲದಲ್ಲಿ ಟೆರಿಲಿನ್ ಶರಟು ಬಿಚ್ಚುವಾಗ ಚಟಪಟ ಎನ್ನುತ್ತದಲ್ಲ, ಆ ಕಿಡಿಯೊಂದು ಕಲಸುವ ಹೊತ್ತಿನಲ್ಲಿ ಹಾರಿದರೆ ಒಳಗಿದ್ದವರ ಗತಿ ಹೇಳುವಂತಿಲ್ಲ. ಅದಕ್ಕೇ ಅಲ್ಲಿ ಅಪ್ಪಟ ಹತ್ತಿಯ ಬಟ್ಟೆಯೇ ಆಗಬೇಕು.

ಗುರುಬಸಮ್ಮ ಹೊಲಿಯುವ ಅಂಗಿಗೆ ಗುಂಡಿಯಿಲ್ಲ, ಕೊಕ್ಕೆಯಿಲ್ಲ, ಜೇಬಿಲ್ಲ. ನಮ್ಮ ಅಜ್ಜಂದಿರ ಅಂಗಿಗಿದ್ದ ಹಾಗೆ ಎದೆಯ ಪಕ್ಕಕ್ಕೆ ಕಟ್ಟಿಕೊಳ್ಳಲು ಬಟ್ಟೆಯದೇ ಕಸೆ. ಅಂಚನ್ನೆಲ್ಲ ಎರಡು ಮಡಿಕೆ ಮಡಿಸಿ ಹೊಲಿಯುತ್ತಾರೆ, ಎಳೆಯೊಂದು ಕಳಚಿ ಮದ್ದಿನೊಳಗೆ ಬೀಳಬಾರದು. ಹೊಲಿಯುವಾಗ ಸೂಜಿ ಮುರಿಯಿತೋ, ಮನೆಯಲ್ಲಿ ಎಲ್ಲ ಕೆಲಸ ಬಂದ್. ಮುರಿದ ಚೂರು ಸಿಕ್ಕುವ ತನಕ ಒಲೆಯೂ ಹೊತ್ತುವುದಿಲ್ಲ. ಕೆಟ್ಟ ರೇಡಿಯೋದ ಹೊಟ್ಟೆಯಿಂದ ಕಿತ್ತ ಅಯಸ್ಕಾಂತವೊಂದು ಗೋಡೆಯ ಗೂಟದಲ್ಲಿದೆ. ಪ್ರತಿ ಅಂಗಿಯ ಮೇಲೂ ಅದನ್ನು ಆಡಿಸಿಯೇ ಮಡಿಸುವುದು. ದಿನಕ್ಕೆ ಮೂರು ಅಂಗಿ ಮುಗಿದರೆ ಹೆಚ್ಚು. "ಮದ್ವೆ ಬ್ಲೌಜಾದ್ರೆ ಏಳೆಂಟು ಒಲ್ದಾಕ್ಬೋದು ಸಾ. ಇದು ಅಂಗಲ್ಲ. ಇದ್ರೊಳ್ಗೆ ಜನ ಇರ್ತಾರೆ," ಎನ್ನುತ್ತಾರೆ. ಬ್ಲೌಸಿನೊಳಗೂ ಜನ ಇರುತ್ತಾರಲ್ಲ ಎಂದು ನಾನು ಕೀಟಲೆ ಮಾಡಿದೆ. ಅವರು ನಗಲಿಲ್ಲ. ಆ ಜನರಲ್ಲಿ ಒಬ್ಬರು ಅವರ ಗಂಡ ಎಂಬುದು ನನಗಾಗ ಗೊತ್ತಿರಲಿಲ್ಲ.

ಗುರುಬಸಮ್ಮ ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಮಗಳು. ತಗಡೂರಿಗೆ ಸೊಸೆಯಾಗಿ ಬಂದಾಗ ಹೊಲಿಗೆಯೂ ಬರದು, ನೂಲುವುದೂ ಬರದು. ಇದೋ ಸ್ವಾತಂತ್ರ್ಯ ಚಳವಳಿಯ, ಖಾದಿಯ ಊರು. ಅತ್ತೆ ಚರಕದ ಮುಂದೆ ಕೂತರೆ ಏಳುವವರಲ್ಲ. ಅವರಿಂದ ನೂಲುವುದು ಕಲಿತರು, ಖಾದಿ ಕೇಂದ್ರದಲ್ಲಿ ಹೊಲಿಗೆ ಕಲಿತರು. ಗಂಡ ಸಿದ್ದಮಲ್ಲಪ್ಪ ನಂಜನಗೂಡಿನ ಮೇಸ್ತ್ರಿಯೊಬ್ಬರ ಕೈಕೆಳಗೆ ಗಾರೆ ಕೆಲಸಕ್ಕಿದ್ದವರು. ಎಪ್ಪತ್ತೈದರಲ್ಲೋ ಎಪ್ಪತ್ತಾರರಲ್ಲೋ ಮೇಸ್ತ್ರಿ ತನ್ನ ತಂಡವನ್ನು ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋದ. "ಮೂರ್ ತಿಂಗ್ಳು ಕೆಲ್ಸ, ಗೋಡೆ ಎತ್ ಬುಟ್ಟು ಬಂದ್ಬುಡ್ತೀನಿ ಅಂದ್ರು," ಎನ್ನುತ್ತಾರೆ ಗುರುಬಸಮ್ಮ. ಗೋಡೆ ಎದ್ದಿತು. ಆ ಗೋಡೆಯ ಒಳಗೇ ಮದ್ದು ಕಲಸುವ ಕಡೆ ಹೆಲ್ಪರ್ ಕೆಲಸ ಸಿಕ್ಕಿತು. ಸಿದ್ದಮಲ್ಲಪ್ಪ ಅಲ್ಲೇ ಉಳಿದರು. ಈಗ ಎಂಬತ್ತೇಳನೇ ಇಸವಿ. ಸಂಕ್ರಾಂತಿ ಮುಗಿದಿದೆ, ಅವರು ಈ ಸಲವೂ ಬಂದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ರಗಳೆಯಾಯಿತು. ಮದ್ದಿನ ಮನೆಗೆ ಯಾವ ಲೋಹವೂ ಹೋಗಕೂಡದು. ಉಂಗುರ, ಉಡಿದಾರದ ತಾಯಿತ, ಚಪ್ಪಲಿಯ ಮೊಳೆ, ಎಲ್ಲವೂ ಬಾಗಿಲಾಚೆ. ಸಿದ್ದಮಲ್ಲಪ್ಪನ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತೆಗೆದಿಡು ಎಂದರು. ಲಿಂಗವಂತ ಬದುಕಿರುವ ತನಕ ಲಿಂಗವನ್ನು ಮೈಯಿಂದ ಅಗಲಿಸುವುದುಂಟೇ? ಕೆಲಸ ಬೇಡ ಎಂದು ಗಂಟುಮೂಟೆ ಕಟ್ಟಿಬಿಟ್ಟರು. ಆಗ ಅಡ್ಡ ಬಂದವರು ಅಲ್ಲಿ ಸುರಕ್ಷತೆಯ ಕೆಲಸ ನೋಡಿಕೊಳ್ಳುವ ವ್ಯಾಸರಾಜರು, ನಮ್ಮ ನರಸೀಪುರದ ಕಡೆಯವರೇ. "ಲಿಂಗ ಕಲ್ಲಿನದು ತಾನೆ? ಕರಡಿಗೆಗೆ ಮಾತ್ರ ನನ್ನ ತಕರಾರು. ಬಟ್ಟೆಯ ಚೀಲ ಮಾಡಿಸಿಕೊಂಡು ಬಾಪ್ಪ," ಎಂದರಂತೆ.

ಆ ಚೀಲ ಹೊಲಿದವರು ಗುರುಬಸಮ್ಮ. ಅತ್ತೆ ನೂತ ನೂಲಿನ ಖಾದಿ, ಕೊರಳಿಗೆ ಶಿವದಾರ, ಬಾಯಿಗೆ ಕಸೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ ವ್ಯಾಸರಾಜರು, ಇಷ್ಟು ಒಪ್ಪವಾಗಿ ಅಂಚು ಮಡಿಸುವ ಕೈ ಯಾರದು ಎಂದು ಕೇಳಿದರು. ಮೊದಲು ಒಂದು ಅಂಗಿ ಹೊಲಿಸಿ ನೋಡಿದರು, ಆಮೇಲೆ ಹತ್ತು. ಈಗ ವರ್ಷಕ್ಕೆರಡು ಸಲ ಇಲ್ಲಿಂದ ಅಂಗಿಗಳ ಗಂಟು ಹೋಗುತ್ತದೆ, ನಂಜನಗೂಡಿನಿಂದ ರೈಲು ಪಾರ್ಸೆಲ್ಲಿನಲ್ಲಿ.

ಗಂಡ ಬರುವುದಿಲ್ಲ, ಗಂಡನ ಅಳತೆ ಬರುತ್ತದೆ. ಅಲ್ಲಿನವರು ಅಳತೆಯನ್ನು ಹತ್ತಿಯ ಹುರಿಗೆ ಗಂಟು ಹಾಕಿ ಕಳಿಸುತ್ತಾರೆ: ಎದೆಗೊಂದು ಗಂಟು, ಸೊಂಟಕ್ಕೊಂದು. ಎಲ್ಲರ ಹುರಿಗೂ ಹೆಸರಿನ ಚೀಟಿ ಕಟ್ಟಿರುತ್ತದೆ. ಸಿದ್ದಮಲ್ಲಪ್ಪನ ಹುರಿಗೆ ಚೀಟಿ ಬೇಕಿಲ್ಲ. ಗುರುಬಸಮ್ಮ ಅದನ್ನು ಎತ್ತಿ ಹಿಡಿದು ತೋರಿಸುತ್ತಾರೆ. "ಓದೊರ್ಸ ಈ ಗಂಟು ಇಲ್ಲಿತ್ತು. ಈಗ ಈಚ್ಗೆ ಬಂದದೆ. ಸೊಂಟ ಸಣ್ಣಾಗೋಗದೆ ಸಾ. ಉಂಡೆ, ತಿಂದೆ, ಚೆಂದಾಗಿವ್ನಿ ಅಂತ ಕಾಗ್ದ ಬರೀತಾರೆ. ಉರಿ ಸುಳ್ಳೇಳ್ತದಾ?" ಮೊನ್ನೆ ಆ ಹುರಿ ಬಂದ ದಿನ ಮಧ್ಯಾಹ್ನ ಅವರು ಊಟ ಮಾಡಲಿಲ್ಲ ಎಂದು ಪಕ್ಕದ ಮನೆಯ ವೆಂಕಟಮ್ಮ ಚಾಡಿ ಹೇಳಿದರು. ಬಟ್ಟೆ ಕತ್ತರಿಸಲು, ಬಾಬಿನ್ನಿಗೆ ದಾರ ಸುತ್ತಲು ಬರುವವರು ಈ ವೆಂಕಟಮ್ಮ. ಬಾಯಿ ಸುಮ್ಮನಿರುವ ಜಾಯಮಾನದವರಲ್ಲ.

ರೀಲು ಸುಡುವ ಪದ್ಧತಿ ಶುರುವಾದದ್ದೂ ವೆಂಕಟಮ್ಮನಿಂದಲೇ. ನಾಲ್ಕು ವರ್ಷದ ಹಿಂದಿನ ಮಾತು. ಗಂಟು ಬೇಗ ಕಳಿಸಬೇಕಿತ್ತು, ದಾರ ಮುಗಿಯಿತು, ವೆಂಕಟಮ್ಮ ನಂಜನಗೂಡಿಗೆ ಹೋಗಿ ತಂದರು. ಬೆಳ್ಳಗೆ ಹೊಳೆಯುವ ದಾರ, ಜಗ್ಗಿದರೂ ಕಡಿಯದು. "ನಂಗೇನ್ ಗೊತ್ತು ಸಾ? ಗಟ್ಟಿ ದಾರ ಕನಮ್ಮ, ತಕ್ಕೋಗು ಅಂದ. ಗಟ್ಟಿ ಇದ್ರೆ ಒಳ್ಳೇದಲ್ವಾ? ಅಕ್ಕಂಗೆ ಕಸ್ಟ ಕಮ್ಮಿ ಆಯ್ತದೆ ಅಂತ ತಂದೆ," ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ. ಅಂಗಿಗಳು ಬೇಗ ಬೇಗ ಮುಗಿದವು. ಒಂದು ಸಲವೂ ದಾರ ಕಡಿಯಲಿಲ್ಲ. ಇಬ್ಬರೂ ಖುಷಿಯಾಗಿ ಗಂಟು ಕಟ್ಟಿ ಕಳಿಸಿದರು.

ಹೊಲಿದು ಉಳಿದ ತುಂಡು ದಾರವನ್ನು ಈ ಮನೆಯಲ್ಲಿ ಬಿಸಾಡುವುದಿಲ್ಲ. ಹೊಸೆದು ಲಿಂಗಪೂಜೆಯ ದೀಪಕ್ಕೆ ಬತ್ತಿ ಮಾಡುತ್ತಾರೆ. ಅದು ಅತ್ತೆಯ ಕಾಲದ ರೂಢಿ. ಗಂಟು ಹೋದ ಎರಡು ದಿನಕ್ಕೆ ಗುರುಬಸಮ್ಮ ಪೂಜೆಗೆ ಕೂತು ಹೊಸ ಬತ್ತಿ ಹಚ್ಚಿದರೆ, ಅದು ಉರಿಯಲೊಲ್ಲದು. ಸುರುಟಿಕೊಂಡಿತು, ಕರಗಿತು, ಕಪ್ಪಗೆ ತೊಟ್ಟಿಕ್ಕಿತು. ಮನೆಯೆಲ್ಲ ಕೆಟ್ಟ ನಾತ. ಹಣತೆಯ ಅಂಚಿನಲ್ಲಿ ರಾಗಿಕಾಳಿನ ಗಾತ್ರದ ಗಟ್ಟಿ ಉಂಡೆ. "ಜೀವ ಬಾಯಿಗ್ ಬಂತು ಸಾ. ಟೆರಿಲಿನ್ನು! ನಾನೇ ಕೈಯಾರೆ ಒಲ್ದು ಕಳ್ಸಿವ್ನಿ. ಅವ್ರೂ ಅದ್ನೇ ಆಕ್ಕತಾರೆ. ಪೂಜೆ ಪೂರೈಸ್ದೋಳೇ ಎದ್ಬುಟ್ಟೆ."

ನಂಜನಗೂಡಿಗೆ ಓಡಿ ತಂತಿ ಕೊಟ್ಟರು. ಗಂಟು ಅಲ್ಲಿನ ರೈಲು ಸ್ಟೇಷನ್ನಿನ ಹೆಸರಿಗೇ ಹೋಗುವುದು, ಆಫೀಸಿನ ವಿಳಾಸ ಗೊತ್ತಿಲ್ಲ. ಗಂಡ ಬಿಡಾರ ಮಾಡಿರುವ ಊರಿನ ಅಂಚೆಗೆ ಹೋಗುವ ತಂತಿ ಯಾವಾಗ ತಲುಪೀತೋ ದೇವರೇ ಬಲ್ಲ. ತಂತಿ ಕೊಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವರು, ಎದ್ದು ನೇರ ರೈಲು ಸ್ಟೇಷನ್ನಿಗೆ ನಡೆದರು. ಅಲ್ಲಿಯವರೆಗೆ ಮೈಸೂರು ದಾಟದ ಹೆಂಗಸು. ಅಳುತ್ತಾ ಜೊತೆಗೆ ಬಂದಿದ್ದ ವೆಂಕಟಮ್ಮ, "ತಪ್ಪು ನಂದು, ನಾನೂ ಬತ್ತೀನಿ," ಎಂದು ಉಟ್ಟ ಸೀರೆಯಲ್ಲೇ ರೈಲು ಹತ್ತಿದರು. ಮೈಸೂರು, ಬೆಂಗಳೂರು, ಮದ್ರಾಸು. ಅಲ್ಲಿಂದ ಮತ್ತೊಂದು ರೈಲು. ಭಾಷೆ ಬಾರದ ಊರುಗಳಲ್ಲಿ ಇಬ್ಬರೂ ಬಾಳೆಹಣ್ಣು ತಿಂದುಕೊಂಡು, ಸಿಕ್ಕಸಿಕ್ಕವರಿಗೆಲ್ಲ "ರಾಕೇಟು, ರಾಕೇಟು" ಎಂದು ಕೈ ಮೇಲೆತ್ತಿ ತೋರಿಸಿಕೊಂಡು ಹೋದರಂತೆ. ಅದನ್ನು ಹೇಳುವಾಗ ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಆಗ ನಗು ಬಂದಿರಲಾರದು.

ಗೇಟಿನ ಕಾವಲಿನವರಿಗೆ ಇವರ ಕನ್ನಡ ಅರ್ಥವಾಗಲಿಲ್ಲ. ಗುರುಬಸಮ್ಮ ಎರಡೇ ಹೆಸರು ಹಿಡಿದು ಜಪ ಮಾಡಿದರು: ವ್ಯಾಸರಾಜರದು, ಗಂಡನದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಕೊನೆಗೆ ಒಳಗೆ ಫೋನು ಹೋಯಿತು. ದೂರದಿಂದ ಒಬ್ಬರು ನಡೆದು ಬಂದರು. ಸಿದ್ದಮಲ್ಲಪ್ಪ. ಎಂಟು ತಿಂಗಳ ಮೇಲೆ ಕಾಣುತ್ತಿರುವ ಗಂಡ. ಮೈಮೇಲೆ ಹೊಸ ಕಸೆ ಅಂಗಿ.

"ನೋಡಕ್ ಬಂದ್ಯಾ ಅಮ್ಮಿ? ಇಷ್ಟು ದೂರ?" ಎಂದರಂತೆ ಸಿದ್ದಮಲ್ಲಪ್ಪ. ಅವರ ಕಣ್ಣು ತುಂಬಿ ಬಂದಿತ್ತು.

"ಅಂಗಿ ಬಿಚ್ಚಿ ಮೊದ್ಲು!" ಎಂದರು ಗುರುಬಸಮ್ಮ. ಮಾತಿಗೆ ಕಾಯಲಿಲ್ಲ. ಕಾವಲಿನವರ ಎದುರಿಗೇ ಕೈಹಾಕಿ ಕಸೆ ಎಳೆದು, ಅಂಗಿಯನ್ನು ಗಂಡನ ಮೈಯಿಂದ ಸುಲಿದೇಬಿಟ್ಟರು. ಅಂದು ಸಿದ್ದಮಲ್ಲಪ್ಪ ಸಾಮಾನು ಇಳಿಸುವ ಕಡೆಗಿದ್ದರು. ಮರುದಿನ ಮದ್ದು ಕಲಸುವ ಪಾಳಿ. ಗುರುಬಸಮ್ಮ ಆ ಅಂಗಿಯನ್ನು ಎದೆಗವಚಿಕೊಂಡು ಗೇಟಿನ ಬುಡದಲ್ಲೇ ಕುಸಿದು ಕೂತು ಅತ್ತರು.

ತಗಡೂರಿನಿಂದ ಹಿಂದಿರುಗಿದ ಮೇಲೆ, ಎರಡು ದಿನದ ಮಟ್ಟಿಗೆ ನರಸೀಪುರಕ್ಕೆ ಬಂದಿದ್ದ ವ್ಯಾಸರಾಜರನ್ನು ನಾನು ಹುಡುಕಿಕೊಂಡು ಹೋಗಿ ಕೇಳಿದೆ: ಬರಿಯ ದಾರದಿಂದ ಅನಾಹುತ ಆಗುತ್ತಿತ್ತೇ? ಅವರು ಯೋಚಿಸಿ ಹೇಳಿದರು: "ಆಗದೇ ಇರಬಹುದಿತ್ತು. ಬಟ್ಟೆ ಹತ್ತಿಯದೇ, ದಾರವೊಂದೇ ಬೇರೆ. ಆದರೆ 'ಆಗದೇ ಇರಬಹುದು' ಅನ್ನೋದನ್ನ ನಂಬಿಕೊಂಡು ನಾವು ಯಾರನ್ನೂ ಒಳಗೆ ಕಳಿಸೋಲ್ಲ ನೋಡಿ. ಬಟ್ಟೆ ನೋಡಿದ್ವಿ, ದಾರ ನೋಡಬೇಕು ಅಂತ ನಮಗೂ ಹೊಳೆದಿರಲಿಲ್ಲ, ಆಕೆಗೂ ಹೊಳೆದಿರಲಿಲ್ಲ. ಎರಡನೇ ಸಲ ಯೋಚನೆ ಮಾಡದೆ ಓಡಿ ಬಂದರಲ್ಲ, ಅದು ದೊಡ್ಡದು." ಅಂದಿನಿಂದ ಅಲ್ಲಿಯೂ ದಾರದ ಪರೀಕ್ಷೆ ನಡೆಯುತ್ತದೆ, ಇಲ್ಲಿಯೂ.

ಅಂದು ಆ ಗಂಟನ್ನು ವಾಪಸು ಕಳಿಸಿ ಹೊಸದು ತರಿಸುವಷ್ಟು ವ್ಯವಧಾನವಿರಲಿಲ್ಲ. ಗೇಟಿನ ಹೊರಗಿನ ಕಾವಲು ಕೋಣೆಯ ವರಾಂಡದಲ್ಲಿ ಅಂಗಿಗಳ ರಾಶಿ ಬಿತ್ತು. ಅಕ್ಕಪಕ್ಕ ಕೂತು ಇಬ್ಬರು ಹೆಂಗಸರೂ ಹೊಲಿಗೆ ಬಿಚ್ಚಿದರು. ಅಲ್ಲಿ ಕೊಡಿಸಿದ ಹತ್ತಿಯ ದಾರದಲ್ಲಿ ಕೈಹೊಲಿಗೆ ಹಾಕಿದರು. ಹಗಲೆಲ್ಲ ಕೆಲಸ, ಸಂಜೆ ವ್ಯಾಸರಾಜರ ಮನೆಯಲ್ಲಿ ಊಟ, ನಿದ್ದೆ. ಹೀಗೆ ಒಂದು ವಾರ. ಪಾಳಿ ಮುಗಿದ ಕೂಡಲೇ ಸಿದ್ದಮಲ್ಲಪ್ಪ ಬಂದು ವರಾಂಡದ ಕಟ್ಟೆಯ ಮೇಲೆ ಕೂರುವರು.

"ಏನ್ ಮಾತಾಡಿದ್ರಿ?" ಎಂದು ಕೇಳಿದೆ. ಗುರುಬಸಮ್ಮ ಸೂಜಿಗೆ ದಾರ ಪೋಣಿಸತೊಡಗಿದರು. ಉತ್ತರ ಕೊಟ್ಟವರು ವೆಂಕಟಮ್ಮ.

"ಎಲ್ ಮಾತು ಸಾ? ಇವ್ರು ಒಲಿಯೋದು, ಅವ್ರು ಕುಂತ್ಕಂಡು ನೋಡೋದು. ಅವ್ರು ಸೂಜಿಗ್ ದಾರ ಪೋಣ್ಸಿ ಕೊಡೋದು, ಇವ್ರು ಇಸ್ಕಳೋದು. ನಾನೇ ರೇಗ್ಬುಟ್ಟೆ, ಏನಾರ ಮಾತಾಡ್ರಪ್ಪ, ನಾನ್ ಬೇಕಾದ್ರೆ ಆಚ್ಗೆ ಓಯ್ತೀನಿ ಅಂತ. ಓದೆ ಕೂಡ. ತಿರ್ಗಾ ಬಂದು ನೋಡುದ್ರೆ ಅಂಗೇ ಕುಂತವ್ರೆ!"

"ಸುಮ್ಕಿರಮ್ಮಿ," ಎಂದು ಗುರುಬಸಮ್ಮ ಗದರಿದರು. ಆಮೇಲೆ ತಲೆಯೆತ್ತದೆ, ನನಗೆ ಹೇಳಿದರೋ ಸೂಜಿಗೆ ಹೇಳಿದರೋ: "ಕೊನೇ ಅಂಗಿ ಬತ್ತಾ ಬತ್ತಾ ನನ್ ಕೈ ನಿದಾನ ಆಗೋಯ್ತು ಸಾ. ಬೇಕಂತ ಅಲ್ಲ. ಕೈಯೇ ಓಡ್ನಿಲ್ಲ."

ಅಷ್ಟು ಆಸೆಯಿದ್ದರೆ ಹೋಗಿ ಅಲ್ಲೇ ಇರಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹೆಲ್ಪರುಗಳಿಗೆ ಸಂಸಾರದ ಮನೆ ಕೊಡುವುದಿಲ್ಲ. ಸಿದ್ದಮಲ್ಲಪ್ಪ ಒಂದು ಕೋಣೆಯಲ್ಲಿ ನಾಲ್ಕು ಜನರ ಜೊತೆ ಇರುತ್ತಾರೆ. ಮನೆಯ ಅರ್ಜಿ ಹಾಕಿ ವರ್ಷಗಳಾದವು. ಸರದಿ ಬರುತ್ತದೆ, ಬರುತ್ತದೆ ಎನ್ನುತ್ತಲೇ ಇದ್ದಾರೆ. ಮದುವೆಯಾಗಿ ಹದಿನೈದು ವರ್ಷದಲ್ಲಿ ಒಟ್ಟಿಗೆ ಬಾಳಿದ್ದು ಎಷ್ಟು ಎಂದು ಲೆಕ್ಕ ಹಾಕಲು ಹೋದ ನನ್ನ ಬಾಯಿಯನ್ನು ಗುರುಬಸಮ್ಮ ಕೈ ಅಡ್ಡ ಮಾಡಿ ಮುಚ್ಚಿಸಿದರು. ನನಗೆ ನಾಚಿಕೆಯಾಯಿತು.

ಹೋದ ವರ್ಷ ಅಮೆರಿಕದಲ್ಲಿ ಏಳು ಜನರಿದ್ದ ಗಗನನೌಕೆ ಆಕಾಶದಲ್ಲೇ ಒಡೆದು ಹೋದ ಸುದ್ದಿ ಎಲ್ಲರಿಗೂ ನೆನಪಿರಬೇಕು. ಬೂಸ್ಟರಿನ ಜೋಡಣೆಯ ಸಂದಿಗೆ ಹಾಕಿದ್ದ ರಬ್ಬರಿನ ಬಳೆ ಚಳಿಗೆ ಸೆಟೆದುಕೊಂಡು, ಉರಿ ಹೊರಗೆ ನುಗ್ಗಿತಂತೆ. ಇದನ್ನು ವ್ಯಾಸರಾಜರು ಬಂದಾಗ ಗುರುಬಸಮ್ಮನಿಗೆ ಬಿಡಿಸಿ ಹೇಳಿದ್ದಾರೆ. "ಅದ್ರಾಗ್ ಒಬ್ರು ಮೇಡಮ್ಮು ಇದ್ರಂತೆ, ಇಸ್ಕೂಲಲ್ಲಿ ಪಾಠ ಮಾಡೋರು. ಮನೇವ್ರು, ಮಕ್ಳು ಕೆಳ್ಗೆ ನಿಂತು ನೋಡ್ತಿದ್ರಂತೆ ಸಾ," ಎಂದು ಅವರು ಹೊಲಿಗೆಯ ಮಿಷನ್ನು ನಿಲ್ಲಿಸಿದರು. "ನೋಡ್ತಾ ನಿಂತೋರ್ ಒಟ್ಟೆ ಎಂಗುರ್ದಿರ್ಬೇಕು! ಒಂದ್ ಬಳೆ ಸಾ. ಒಂದೇ ಒಂದ್ ಬಳೆ." ಅದನ್ನು ಕೇಳಿದ ವಾರವಿಡೀ, ಹೊಲಿದಿಟ್ಟ ಅಂಗಿಗಳನ್ನೆಲ್ಲ ಮತ್ತೆ ಬಿಚ್ಚಿ ಹೊಲಿಯುತ್ತೇನೆಂದು ಹಟ ಹಿಡಿದಿದ್ದರಂತೆ. ವೆಂಕಟಮ್ಮ ಕತ್ತರಿ ಬಚ್ಚಿಟ್ಟರು.

ಈಗ ನಮ್ಮದೇ ಹೊಸ ರಾಕೆಟ್ಟು ಹಾರಲು ಸಜ್ಜಾಗುತ್ತಿದೆ. ಪಕ್ಕಕ್ಕೆರಡು ಬೂಸ್ಟರು ಕಟ್ಟಿಕೊಂಡು ಹೋಗುವಂಥದು. ಪತ್ರಿಕೆಗಳಲ್ಲಿ ಅದು ಎಷ್ಟು ತೂಕ ಹೊರುತ್ತದೆ, ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬ ಚರ್ಚೆ ನಡೆದಿದೆ. ಈ ಜಗಲಿಯ ಲೆಕ್ಕವೇ ಬೇರೆ. ಅದು ಸುಸೂತ್ರವಾಗಿ ಹೋದರೆ ಮದ್ದಿನ ಮನೆಯವರಿಗೆ ರಜೆ. ಎಡವಿದರೆ ವಿಚಾರಣೆ, ಮತ್ತೆ ಮೊದಲಿನಿಂದ ಕೆಲಸ, ರಜೆಯ ಮಾತೇ ಇಲ್ಲ. ಹಿಂದೊಮ್ಮೆ ಹಾಗಾಗಿ ಸಿದ್ದಮಲ್ಲಪ್ಪ ವರ್ಷವಿಡೀ ಊರ ಮುಖ ನೋಡಿರಲಿಲ್ಲ. ಹಾಗಾಗಿ ರೇಡಿಯೋದಲ್ಲಿ ವಾರ್ತೆ ಬಂದರೆ ಗುರುಬಸಮ್ಮ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾರೆ. ನಿಂತೇ ಕೇಳಬೇಕು, ಕೂತರೆ ಸಮಾಧಾನವಿಲ್ಲ.

ಬಿಸಿಲು ಏರಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟು ನಿಂತಾಗ, ಬಾಯಿ ತಡೆಯದೆ ಕೇಳಿಬಿಟ್ಟೆ. "ಇನ್ನೊಂದು ಸಲ ಹೋಗಿಬರಬಹುದಲ್ಲ, ಗುರುಬಸಮ್ಮ? ದಾರಿ ಗೊತ್ತಾಗಿದೆಯಲ್ಲ?"

"ಯಾವ್ ನೆವ ಯೋಳ್ಕಂಡು ಓಗ್ಲಿ ಸಾ?" ಅವರು ನಕ್ಕರು. "ಆಗ ದಾರ ಕೆಟ್ಟಿತ್ತು, ಓದೆ. ಸುಮ್ಸುಮ್ಕೆ ಓದ್ರೆ ಗೇಟ್ನೋರು ಕೇಳಾಕಿಲ್ವಾ, ಯಾಕಮ್ಮ ಬಂದೆ ಅಂತ? ಏನನ್ಲಿ? ನೋಡ್ಬೇಕು ಅನ್ನುಸ್ತು, ಬಂದೆ, ಅನ್ಲಾ?" ನಗು ಅರ್ಧಕ್ಕೇ ನಿಂತಿತು. "ಒಂದೊಂದ್ ದಿನ ಎಂಗನ್ಸ್ತದೆ ಗೊತ್ತಾ... ಆ ಅಂಗ್ಡಿಯೋನು ಇನ್ನೊಂದ್ ಕಿತ ಮೋಸ ಮಾಡ್ಬಾರ್ದಾ, ನನ್ ಕಣ್ಣಿಗೆ ಬೀಳ್ದೆ ಒಂಟೋಗ್ಬಾರ್ದಾ ಗಂಟು, ಅನ್ಸ್ಬುಡ್ತದೆ..."

ತಟ್ಟನೆ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ಸಿವ್ನೇ! ಎಂಥ ಮಾತಾಡ್ಬುಟ್ಟೆ. ಬುಡ್ತು ಅನ್ನಿ ಸಾ, ಬುಡ್ತು ಅನ್ನಿ!"

"ಬಿಡ್ತು," ಎಂದೆ. ವೆಂಕಟಮ್ಮನೂ "ಬುಡ್ತು, ಬುಡ್ತು" ಎಂದು ನೆಲ ಮುಟ್ಟಿದರು.

"ಇದ್ನೂ ಬರೀತೀರಾ?" ಎಂದು ಕೇಳಿದರು ಗುರುಬಸಮ್ಮ.

"ಬೇಡ ಅಂದ್ರೆ ಬರೆಯೋಲ್ಲ."

ಅವರು ಮಡಿಸಿದ ಅಂಗಿಯ ಮೇಲೆ ಅಂಗೈ ಆಡಿಸುತ್ತಾ ಯೋಚಿಸಿದರು. "ಅವ್ರ ರೂಮ್ನಲ್ಲಿ ಕನ್ನಡ ಪೇಪರ್ ತರುಸ್ತಾರಂತೆ. ಬರೀರಿ, ಓದ್ಲಿ. ಬಾಯಲ್ಲಂತೂ ಯೋಳ್ನಿಲ್ಲ," ಎಂದರು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಮತ್ತೆ ಕೂಗಿದರು. "ಆದ್ರೆ ಕೊನೇಗೆ ಇಷ್ಟ್ ಸೇರ್ಸ್ಬುಡಿ ಸಾ. ದಾರ ಸರ್ಯಾಗೈತೆ, ದೈರ್ಯವಾಗಿ ಆಕ್ಕಳಿ, ಅಂತ."